ನದಿ, ಕೆರೆ ಹಾಗೂ ಕಾಲುವೆಗಳಲ್ಲಿ ಈಜು: ನೀರಿನ ಉಷ್ಣತೆ ಮತ್ತು ಸುರಕ್ಷತೆ

ಪೀಠಿಕೆ
ಮೋಕ ಗ್ರಾಮವು ವೇದಾವತಿ (ಹಗರಿ) ನದಿಯ ದಡದಲ್ಲಿದೆ. ಬಳ್ಳಾರಿ, ಕುರುಗೋಡು ಮತ್ತು ಸಿರುಗುಪ್ಪ ಭಾಗದ ಜಮೀನುಗಳಿಗೆ ತುಂಗಭದ್ರಾ ಜಲಾಶಯದ ಕಾಲುವೆಗಳು ನೀರುಣಿಸುತ್ತವೆ. ಬೇಸಿಗೆಯಲ್ಲಿ ಈ ಭಾಗದ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಮಕ್ಕಳು ಹಾಗೂ ಯುವಕರು ನೀರಿಗಿಳಿಯುವುದು ಸಾಮಾನ್ಯವಾಗಿದೆ. ಸಾರ್ವಜನಿಕರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ನೀರಿನ ಉಷ್ಣತೆ (ಡಿಗ್ರಿ ಸೆಲ್ಸಿಯಸ್‌ಗಳಲ್ಲಿ)
1. 15ಕ್ಕಿಂತ ಕಡಿಮೆ: ಹಠಾತ್ತನೆ ಉಸಿರು ಸೆಳೆದು, ಕೈಕಾಲುಗಳು ಸೋಲುವ ಅಪಾಯವಿದೆ. ಈ ಭಾಗದಲ್ಲಿ ಇದು ಅಪರೂಪ.
2. 26ರಿಂದ 30: ಹೆಚ್ಚಿನವರಿಗೆ ಹಿತಕರ.
3. 31ಕ್ಕಿಂತ ಹೆಚ್ಚು: ದೀರ್ಘಕಾಲ ಈಜಿದಲ್ಲಿ ದೇಹದ ಬಿಸಿ ಏರುತ್ತದೆ. ಅಂತರರಾಷ್ಟ್ರೀಯ ತೆರೆದ ಜಲ ಈಜು ಸ್ಪರ್ಧೆಗಳಿಗೆ ನಿಗದಿಯಾದ ಮಿತಿ 16ರಿಂದ 31.

ನಿಂತ ಬೆಚ್ಚನೆಯ ನೀರಿನ ಅಪಾಯ
ಬಿಸಿಲಿಗೆ ಕಾದ ಹೊಂಡ ಹಾಗೂ ಕೆರೆಗಳಲ್ಲಿ ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಬೆಳೆಯಬಲ್ಲದು. ಇದು ಮೂಗಿನ ಮೂಲಕ ಮಿದುಳನ್ನು ತಲುಪುತ್ತದೆ. ನೀರನ್ನು ಕುಡಿಯುವುದರಿಂದಾಗಲಿ, ಒಬ್ಬರಿಂದ ಮತ್ತೊಬ್ಬರಿಗಾಗಲಿ ಹರಡುವುದಿಲ್ಲ. ರೋಗವು ಅಪರೂಪವಾದರೂ ಬಹುತೇಕ ಮಾರಣಾಂತಿಕ. ನೆರೆಯ ಕೇರಳದಲ್ಲಿ 2024 ಹಾಗೂ 2025ರಲ್ಲಿ ಅಮೀಬಾ ಮಿದುಳು ಜ್ವರದಿಂದ ಸಾವುಗಳು ಸಂಭವಿಸಿವೆ. ಇಂತಹ ನೀರಿಗೆ ಧುಮುಕಬಾರದು, ತಲೆ ಮುಳುಗಿಸಬಾರದು, ತಳದ ಕೆಸರನ್ನು ಕದಡಬಾರದು. ಈಜಿದ ನಂತರದ ದಿನಗಳಲ್ಲಿ ತೀವ್ರ ತಲೆನೋವು, ಜ್ವರ, ವಾಂತಿ ಅಥವಾ ಕುತ್ತಿಗೆ ಬಿಗಿತ ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ತೆರಳಿ, ನೀರಿಗಿಳಿದಿದ್ದ ಸಂಗತಿಯನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಹರಿಯುವ ನೀರಿನ ಅಪಾಯ
ನೀರಿನ ಉಷ್ಣತೆ ಹಿತಕರವಾಗಿದ್ದರೂ ಸೆಳೆತವಿದ್ದಲ್ಲಿ ಈಜು ಸುರಕ್ಷಿತವಲ್ಲ.
1. ಕಾಂಕ್ರೀಟ್ ಹೊದಿಸಿದ ಕಾಲುವೆಯ ಇಳಿಜಾರು ಪಾಚಿಯಿಂದ ಜಾರುತ್ತದೆ; ಒಮ್ಮೆ ಬಿದ್ದವರು ಮೇಲೇರುವುದು ಕಷ್ಟ. ಕಾಲುವೆಗಳಲ್ಲಿ ಈಜಬಾರದು.
2. ಮರಳು ತೆಗೆದ ನದಿಪಾತ್ರದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ.
3. ಜಲಾಶಯದಿಂದ ನೀರು ಬಿಟ್ಟಾಗ ತುಂಗಭದ್ರೆಯ ಮಟ್ಟ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನದಿಗೆ ಭಾರಿ ಪ್ರಮಾಣದ ನೀರು ಹರಿಯಿತು. ಡಂಗುರ ಅಥವಾ ಧ್ವನಿವರ್ಧಕದ ಎಚ್ಚರಿಕೆ ಕೇಳಿದ ಕೂಡಲೇ ದಡ ಸೇರತಕ್ಕದ್ದು.

ಮುಳುಗುತ್ತಿರುವವರ ರಕ್ಷಣೆ
1. ತರಬೇತಿ ಇಲ್ಲದವರು ನೀರಿಗೆ ಹಾರಬಾರದು. ಹಗ್ಗ, ಸೀರೆ ಅಥವಾ ಮುಚ್ಚಿದ ಖಾಲಿ ಕ್ಯಾನನ್ನು ಎಸೆಯತಕ್ಕದ್ದು.
2. 112ಕ್ಕೆ ಅಥವಾ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡತಕ್ಕದ್ದು.
3. ಮೇಲೆತ್ತಿದವರನ್ನು ತಲೆಕೆಳಗಾಗಿ ಹಿಡಿದು ತಿರುಗಿಸಬಾರದು, ಹೊಟ್ಟೆ ಒತ್ತಬಾರದು. ಉಸಿರಾಟ ನಿಂತಿದ್ದಲ್ಲಿ ಮೊದಲು ಬಾಯಿಯಿಂದ ಉಸಿರು ನೀಡಿ, ನಂತರ 30 ಬಾರಿ ಎದೆ ಒತ್ತುವುದು ಹಾಗೂ 2 ಬಾರಿ ಉಸಿರು ನೀಡುವುದನ್ನು ನೆರವು ಬರುವವರೆಗೆ ಮುಂದುವರಿಸತಕ್ಕದ್ದು.

ಮಕ್ಕಳನ್ನು ಹಿರಿಯರಿಲ್ಲದೆ ನೀರಿನ ಬಳಿ ಕಳುಹಿಸಬಾರದೆಂದು ಪಾಲಕರಲ್ಲಿ ಕೋರಲಾಗಿದೆ.