ರಸ್ತೆ ಏರಿತು, ಬಚ್ಚಲು ತಗ್ಗಾಯಿತು



ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಮಾತ್ರವಲ್ಲ, ಮನೆಯ ಬಚ್ಚಲಿಗೂ ಒಂದು ಇತಿಹಾಸವುಂಟು ಎಂದು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಂತಹ ಹಳೆಯ ಬಡಾವಣೆಗಳಲ್ಲಿ ಪದೇ ಪದೇ ಕೇಳಿಬರುವ ದೂರೊಂದಿದೆ. ರಸ್ತೆಯೇನೋ ಹೊಸದಾಯಿತು, ಆದರೆ ಆ ಬಳಿಕ ಮನೆಯ ನಲ್ಲಿಯೂ ಕೆಟ್ಟಿತು, ಬಚ್ಚಲೂ ಕಟ್ಟಿತು ಎಂಬುದೇ ಆ ದೂರು. ಮನೆ ಹಳತಾಯಿತು, ಇನ್ನೇನು ಮಾಡುವುದು ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಕಾರಣ ಮನೆಯ ವಯಸ್ಸಿನಲ್ಲಿ ಇಲ್ಲ. ಮನೆಗೂ ಬೀದಿಗೂ ನಡುವೆ ಇದ್ದ ಮಟ್ಟದ ಲೆಕ್ಕವನ್ನು ನಾವು ಮರೆತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಬೆಂಗಳೂರು ಬದುಕಿದ್ದುದು ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳಿಂದ ಮತ್ತು ಬಾವಿಗಳಿಂದ. ಬಳಸಿದ ನೀರು ಹಿತ್ತಲಿನ ಬಾಳೆಯ ಬುಡ ಸೇರುತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿ ನದಿಯ ಹೆಸರಘಟ್ಟದ ಕೆರೆಯಿಂದ ನೀರು ತರುವ ಕಾರ್ಯ ಆರಂಭವಾಗಿ 1896ರಲ್ಲಿ ಕೊಳಾಯಿಯ ನೀರು ನಗರಕ್ಕೆ ಬಂದಿತು. 1898ರಲ್ಲಿ ಪ್ಲೇಗ್ ಅಪ್ಪಳಿಸಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಗಾಳಿ, ಬೆಳಕು, ಅಗಲವಾದ ಬೀದಿ, ಮನೆಗಳ ಹಿಂಭಾಗದಲ್ಲಿ ಕಿರಿದಾದ ಗಲ್ಲಿ, ಇವೆಲ್ಲವೂ ಆರೋಗ್ಯದ ದೃಷ್ಟಿಯಿಂದ ಯೋಚಿಸಿ ಮಾಡಿದ ವ್ಯವಸ್ಥೆಗಳು.

ಆ ಹಿಂದಿನ ಗಲ್ಲಿಯ ಕಥೆಯನ್ನು ಮುಚ್ಚಿಡಬಾರದು. ಹಿತ್ತಲಿನ ಕಕ್ಕಸುಗಳಿಂದ ಮಲವನ್ನು ಹೊತ್ತೊಯ್ಯಲು ನಮ್ಮಂತೆಯೇ ಮನುಷ್ಯರಾದವರು ಆ ದಾರಿಯಲ್ಲಿ ಬರುತ್ತಿದ್ದರು. ಮುಂಬಾಗಿಲ ಬೀದಿಗೆ ಅವರು ಕಾಣಬಾರದೆಂಬುದೇ ಅದರ ಏರ್ಪಾಡು. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ನೆಲದೊಳಗಿನ ಒಳಚರಂಡಿ ಬಂದುದರಿಂದಲೇ ಈ ಅಮಾನುಷ ಪದ್ಧತಿಯನ್ನು ತೊಲಗಿಸುವುದು ಸಾಧ್ಯವಾಯಿತು. ಆದುದರಿಂದ ಒಳಚರಂಡಿಯನ್ನು ಕೇವಲ ಸೌಕರ್ಯವೆಂದು ನಾನು ಎಣಿಸಲಾರೆ.

ಒಳಚರಂಡಿಗೆ ಯಂತ್ರವಿಲ್ಲ, ಇಳಿಜಾರೇ ಅದರ ಪ್ರಾಣ. ನಾಲ್ಕು ಅಂಗುಲದ ಕೊಳವೆಗೆ ಸಾಮಾನ್ಯವಾಗಿ ನಲವತ್ತಕ್ಕೆ ಒಂದರ ಇಳಿಜಾರು ಕೊಡುತ್ತಾರೆ. ಅಂದರೆ ನಲವತ್ತು ಅಡಿ ಸಾಗುವಷ್ಟರಲ್ಲಿ ಕೊಳವೆ ಒಂದು ಅಡಿ ತಗ್ಗಬೇಕು. ಹಿಂದಿನವರು ಬೀದಿಗಿಂತ ಎತ್ತರದಲ್ಲಿ ಜಗಲಿ ಕಟ್ಟಿ, ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುವಂತೆ ಮಾಡಿದುದಕ್ಕೆ ಅಂದಚೆಂದವೊಂದೇ ಕಾರಣವಲ್ಲ. ಒಳಚರಂಡಿ ಕಟ್ಟಿಕೊಂಡರೆ ಕೊಳಚೆ ಮೇಲೇರಿ, ತನಗೆ ಸಿಗುವ ಅತಿ ತಗ್ಗಿನ ಬಾಯಿಂದ ಹೊರಬೀಳುತ್ತದೆ. ಆಗ ಆ ತಗ್ಗಿನ ಬಾಯಿ ಬೀದಿಯ ಮ್ಯಾನ್‌ಹೋಲ್ ಆಗಿತ್ತು. ಬೀದಿಯಲ್ಲಿ ಉಕ್ಕಿದರೆ ಊರಿಗೆಲ್ಲ ಕಾಣುತ್ತಿತ್ತು, ಸರಿಪಡಿಸಲು ಯಾರಾದರೂ ಬರಲೇಬೇಕಾಗುತ್ತಿತ್ತು.

ಈಗ ಲೆಕ್ಕ ಹಾಕಿ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ನಲವತ್ತು ಮಿಲಿಮೀಟರಿನ ಐದು ಪದರಗಳನ್ನು ಹಾಕಿದರೆ ರಸ್ತೆ ಎಂಟು ಅಂಗುಲ ಏರುತ್ತದೆ. ಅದರ ಮೇಲೆ ಕಾಂಕ್ರೀಟ್ ಬಂದರೆ ಮತ್ತೆ ಆರೇಳು ಅಂಗುಲ. ಮ್ಯಾನ್‌ಹೋಲಿನ ಮುಚ್ಚಳವೂ ಜೊತೆಗೇ ಏರುತ್ತದೆ. ಮನೆಯ ನೆಲ ಮಾತ್ರ ಇದ್ದಲ್ಲೇ ಇರುತ್ತದೆ. ಮೂರು ಮೆಟ್ಟಿಲು ಒಂದಾಗುತ್ತದೆ, ಕೊನೆಗೆ ಅದೂ ಉಳಿಯದು. ಆಗ ಅತಿ ತಗ್ಗಿನ ಬಾಯಿ ನಮ್ಮ ಬಚ್ಚಲುಮನೆಯಾಗುತ್ತದೆ. ಬೀದಿಯಲ್ಲಿ ಉಕ್ಕಬೇಕಾದುದು ಮನೆಯೊಳಗೆ ಉಕ್ಕುತ್ತದೆ, ಹೊರಗಿನವರಿಗೆ ಅದು ಕಾಣುವುದೇ ಇಲ್ಲ.

ಇದು ಹೊಸ ಸಂಗತಿಯೇನಲ್ಲ. ಮೊಹೆಂಜೊದಾರೊ ಪಾಠದಲ್ಲಿ ಮುಚ್ಚಿದ ಚರಂಡಿಗಳನ್ನು ಹೊಗಳಿ ಪರೀಕ್ಷೆಯಲ್ಲಿ ಅಂಕ ಗಳಿಸಿದ್ದೀರಿ. ಆ ನಗರದಲ್ಲಿಯೂ ಶತಮಾನಗಳು ಕಳೆದಂತೆ ನೆಲದ ಮಟ್ಟ ಏರಿತು. ಆದರೆ ಅಲ್ಲಿಯವರು ಚರಂಡಿಯ ಗೋಡೆಗಳನ್ನು, ಬಾವಿಯ ಕಟ್ಟೆಗಳನ್ನು ಜೊತೆಜೊತೆಗೆ ಎತ್ತರಿಸುತ್ತ ಬಂದರು. ಉತ್ಖನನದ ಬಳಿಕ ಆ ಬಾವಿಗಳು ಗೋಪುರಗಳಂತೆ ನಿಂತಿರುವುದಕ್ಕೆ ಇದೇ ಕಾರಣ. ಮಟ್ಟ ಏರಿಸುವವರು ಅದಕ್ಕೆ ಸೇರಿದ ಎಲ್ಲವನ್ನೂ ಏರಿಸಬೇಕೆಂಬುದು ಅವರಿಗೆ ತಿಳಿದಿತ್ತು.

ನಮ್ಮಲ್ಲಿ ಇದು ತಪ್ಪಿದುದು ಏಕೆ? ಕಾರಣಗಳಲ್ಲಿ ಒಂದು ಹೊಣೆಯ ಹಂಚಿಕೆ. 1949ರಲ್ಲಿ ನಗರ ಮತ್ತು ದಂಡುಪ್ರದೇಶ ಸೇರಿ ಒಂದೇ ಕಾರ್ಪೊರೇಷನ್ ಆಯಿತು. 1964ರಲ್ಲಿ ನೀರು ಮತ್ತು ಒಳಚರಂಡಿಗಾಗಿ ಪ್ರತ್ಯೇಕ ಮಂಡಲಿ ಬಂದಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಕಾವೇರಿಯನ್ನು ಏರಿಸಿ 1974ರಲ್ಲಿ ನಗರಕ್ಕೆ ತಂದುದು ಸಣ್ಣ ಸಾಧನೆಯಲ್ಲ. ಆದರೆ ರಸ್ತೆ ಒಬ್ಬರದು, ಅದರಡಿಯ ಕೊಳವೆ ಇನ್ನೊಬ್ಬರದು, ಕಾಂಪೌಂಡಿನೊಳಗಿನದು ಮನೆಯವರದು ಎಂದಾಯಿತು. 2007ರಲ್ಲಿ ಬೃಹತ್ ಮಹಾನಗರ ಪಾಲಿಕೆ, 2025ರಲ್ಲಿ ಅದರ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದರೂ ಈ ಮೂರು ಪಾಲು ಹಾಗೆಯೇ ಉಳಿದಿದೆ.

ನಲ್ಲಿಯ ನೀರಿನ ವಿಷಯವೂ ಹೀಗೆಯೇ. ಹಳೆಯ ಮನೆಗಳಿಗೆ ಬಂದಿರುವುದು ಕಲಾಯಿ ಹಾಕಿದ ಕಬ್ಬಿಣದ ಕೊಳವೆ. ದಶಕಗಳಲ್ಲಿ ಒಳಗೆ ತುಕ್ಕು ಕಟ್ಟುತ್ತದೆ. ಬೀದಿ ಅಗೆಯುವಾಗ ನೀರು ನಿಲ್ಲಿಸಿ ಮತ್ತೆ ರಭಸದಿಂದ ಬಿಟ್ಟರೆ ಆ ತುಕ್ಕು ಕಳಚಿ ಕೆಂಪು ನೀರಾಗಿ ಬರುತ್ತದೆ, ಮೀಟರಿನ ಜಾಲರಿಯಲ್ಲಿ ಸಿಕ್ಕಿ ನೀರಿನ ಧಾರೆ ಸಣ್ಣಗಾಗುತ್ತದೆ. ಇದಕ್ಕಿಂತ ಅಪಾಯಕಾರಿಯಾದುದು ಬಿರುಕು. ಅನೇಕ ಕಡೆ ಮನೆಗೆ ಬರುವ ಕೊಳವೆ ಬೀದಿಯ ಚರಂಡಿಯನ್ನು ಹಾದೇ ಬರುತ್ತದೆ. ನೀರು ನಿಂತ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡ ಇಲ್ಲವಾಗಿ, ಬಿರುಕಿನ ಮೂಲಕ ಹೊರಗಿನ ಕೊಳಚೆ ಒಳಗೆ ಸೇರುತ್ತದೆ. ವಾಂತಿಭೇದಿ, ವಿಷಮಶೀತಜ್ವರಗಳು ಮನೆಗೆ ಬರುವ ದಾರಿಗಳಲ್ಲಿ ಇದೂ ಒಂದು.

ಹಳೆಯ ಮನೆಗಳಲ್ಲಿರುವವರು ಇಷ್ಟನ್ನಾದರೂ ಮಾಡಬೇಕೆಂದು ನನ್ನ ಸೂಚನೆ. ನಿಮ್ಮ ಬೀದಿಯಲ್ಲಿ ಕಾಮಗಾರಿ ಆರಂಭವಾಗುವ ಮುನ್ನವೇ ಹಳೆಯ ಪದರವನ್ನು ಕೆರೆದು ತೆಗೆಯುವಿರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹೊಸ್ತಿಲಿನಿಂದ ರಸ್ತೆಗೆ ಎಷ್ಟು ಅಂಗುಲವೆಂದು ಅಳೆದು ಗೋಡೆಯ ಮೇಲೆ ಗುರುತು ಹಾಕಿಡಿ. ಒಳಚರಂಡಿಯ ಕೊಳವೆಗೆ ಹಿಮ್ಮುಖ ಹರಿವನ್ನು ತಡೆಯುವ ಕವಾಟ ಹಾಕಿಸಿ. ಕಾಮಗಾರಿಯ ಬಳಿಕ ಬರುವ ಮೊದಲ ನೀರನ್ನು ಸಂಪಿಗೆ ಬಿಡದೆ ಹೊರಗೆ ಹರಿಸಿ, ಕುಡಿಯುವ ನೀರನ್ನು ಕುದಿಸಿ. ನಿಮ್ಮ ಮನೆಯ ಕೊಳವೆಗಳು ಎಲ್ಲಿ ಹಾದಿವೆ ಎಂಬುದರ ನಕ್ಷೆಯೊಂದನ್ನು ಬರೆದಿಡಿ. ಅದನ್ನು ಬಲ್ಲ ಹಿರಿಯರು ಇನ್ನೂ ಮನೆಯಲ್ಲಿದ್ದರೆ ಇಂದೇ ಕೇಳಿ.

ಎಷ್ಟೋ ಒಳ್ಳೆಯ ಮನೆಗಳನ್ನು ಬಚ್ಚಲು ಕಟ್ಟುತ್ತದೆಂಬ ಬೇಸರದಿಂದಲೇ ಕೆಡವಿಸುತ್ತಿದ್ದಾರೆ. ಗೋಡೆ, ತೊಲೆ, ಹೆಂಚು ಎಲ್ಲವೂ ಗಟ್ಟಿಯಾಗಿರುವಾಗ ರಸ್ತೆಯ ಕೆಲವು ಅಂಗುಲಗಳಿಗಾಗಿ ಮನೆಯನ್ನು ಕಳೆದುಕೊಳ್ಳುವುದು ನ್ಯಾಯವಲ್ಲ. ಕೆಡವುವ ಮುನ್ನ ಒಮ್ಮೆ ಮಟ್ಟ ಅಳೆಯಿರಿ.