ತುತ್ತಿನ ಲೆಕ್ಕದಿಂದ ತುತ್ತಿಡುವ ಕೈಯವರೆಗೆ

ಎಳೆಮಕ್ಕಳ ಆಹಾರವನ್ನು ಕುರಿತ ವಿಜ್ಞಾನ ಬಹುಕಾಲ ಬಟ್ಟಲಿನೊಳಗೇ ಇಣುಕಿ ನೋಡುತ್ತಿತ್ತು. ಬಟ್ಟಲು ಹಿಡಿದವಳ ಕಡೆಗೆ ಅದು ಕಣ್ಣೆತ್ತಿದ್ದು ತೀರ ಈಚೆಗೆ.

1933ರಲ್ಲಿ, ಇಂದಿನ ಘಾನಾ ಆಗಿರುವ ಗೋಲ್ಡ್ ಕೋಸ್ಟ್‌ನಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್, ಮೈ ಊದಿಕೊಂಡು ಚರ್ಮ ಸುಲಿದು ಸಾಯುತ್ತಿದ್ದ ಮಕ್ಕಳ ಬಗ್ಗೆ ಬರೆದರು. ಎದೆಹಾಲು ಬಿಡಿಸಿದ ಮೇಲೆ ಬರೀ ಮೆಕ್ಕೆಜೋಳದ ಗಂಜಿಯಲ್ಲಿ ಬೆಳೆಯುತ್ತಿದ್ದ ಮಕ್ಕಳವು. ಆ ಕಾಯಿಲೆಯೇ ಕ್ವಾಶಿಯೋರ್ಕರ್. ಗಂಜಿಯಲ್ಲಿ ಪ್ರೋಟೀನ್ ಸಾಲದು ಎಂಬ ಅವರ ಊಹೆ ಮುಂದಿನ ನಾಲ್ಕು ದಶಕ ಈ ಕ್ಷೇತ್ರವನ್ನು ಆಳಿತು. ವಿಶ್ವಸಂಸ್ಥೆ ಪ್ರೋಟೀನ್‌ಗೆಂದೇ ಸಲಹಾ ಮಂಡಳಿ ರಚಿಸಿತು. ಜಗತ್ತಿನ ಹಸಿದ ಮಕ್ಕಳಿಗೆ ಬೇಕಿರುವುದು ಪ್ರೋಟೀನ್ ಎಂಬುದು ಪ್ರಶ್ನೆಗೆ ಎಡೆಯಿಲ್ಲದ ಮಾತಾಯಿತು.

ಈ ಅಲೆ ನಮ್ಮ ಮೈಸೂರಿಗೂ ಬಂತು. 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮತ್ತು ಕಡಲೆಹಿಟ್ಟು ಬೆರೆಸಿ ಬಹೂಪಯೋಗಿ ಆಹಾರ ತಯಾರಿಸಿತು. ಎಮ್ಮೆಹಾಲಿನಿಂದ ಶಿಶು ಆಹಾರದ ಪುಡಿ ಮಾಡುವ ವಿಧಾನವನ್ನೂ ಕಂಡುಹಿಡಿಯಿತು. ಎಮ್ಮೆಹಾಲಿನಲ್ಲಿ ಕೊಬ್ಬು ಹೆಚ್ಚು, ಅದು ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುತ್ತದೆ. ಮಗುವಿಗೆ ಆಗುವಂತೆ ಅದನ್ನು ತಿದ್ದಿದ್ದು ಸಣ್ಣ ಸಾಧನೆಯಲ್ಲ. ಅಮುಲ್ ಅದನ್ನು ಡಬ್ಬಿಯಲ್ಲಿ ತುಂಬಿ ಮಾರಿತು, ವಿದೇಶಿ ಡಬ್ಬಿಗಳ ಮೇಲಿನ ಅವಲಂಬನೆ ಕಡಿಮೆಯಾಯಿತು.

ಆದರೆ ದೇಶದ್ದಿರಲಿ, ವಿದೇಶದ್ದಿರಲಿ, ಹಾಲಿನ ಡಬ್ಬಿಯ ಅಪಾಯ ಒಂದೇ. ಕೊಳಕು ನೀರು, ತೊಳೆಯದ ಬಾಟಲಿ, ಡಬ್ಬಿ ಬೇಗ ಮುಗಿಯದಿರಲೆಂದು ನೀರು ಹೆಚ್ಚಿಸುವ ಬಡತನ. ಇದರ ವಿರುದ್ಧವೂ ದನಿಯೆತ್ತಿದವರು ವಿಲಿಯಮ್ಸ್ ಅವರೇ. 1939ರಲ್ಲಿ ಸಿಂಗಪುರದಲ್ಲಿ ‘ಮಿಲ್ಕ್ ಅಂಡ್ ಮರ್ಡರ್’ ಎಂಬ ಶೀರ್ಷಿಕೆಯಲ್ಲೇ ಅವರು ಭಾಷಣ ಮಾಡಿದರು. ಆ ಎಚ್ಚರಿಕೆ ಶಿಶು ಹಾಲಿನ ಮಾರಾಟಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸಂಹಿತೆಯಾಗಲು 1981ರವರೆಗೆ ಕಾಯಬೇಕಾಯಿತು. ಭಾರತ 1992ರಲ್ಲಿ ಕಾನೂನು ಮಾಡಿ, 2003ರಲ್ಲಿ ಅದನ್ನು ಬಿಗಿಗೊಳಿಸಿ, ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನೇ ನಿಷೇಧಿಸಿತು. ಈ ವಿಷಯದಲ್ಲಿ ನಮ್ಮದು ಜಗತ್ತಿನ ಕಟ್ಟುನಿಟ್ಟಾದ ಕಾನೂನುಗಳಲ್ಲೊಂದು. ಅದಕ್ಕಾಗಿ ಹೋರಾಡಿದವರಿಗೆ ನಾವು ಋಣಿಗಳು.

ಪ್ರೋಟೀನ್ ವಾದಕ್ಕೆ ಪೆಟ್ಟು ಬಿದ್ದದ್ದು ದಕ್ಷಿಣ ಭಾರತದಿಂದಲೇ. ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ಪೌಷ್ಟಿಕ ಆಹಾರ ಸಂಶೋಧನಾಲಯದ ಸಿ. ಗೋಪಾಲನ್, 1968ರಲ್ಲಿ ಒಂದು ಸರಳ ಸಂಗತಿಯನ್ನು ಮುಂದಿಟ್ಟರು. ಕ್ವಾಶಿಯೋರ್ಕರ್ ಬಂದ ಮಕ್ಕಳೂ ಒಣಗಿ ಕಡ್ಡಿಯಾದ ಮಕ್ಕಳೂ ಉಣ್ಣುತ್ತಿದ್ದ ಊಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಮ್ಮ ಅನ್ನ-ಬೇಳೆಯಲ್ಲಿ ಪ್ರೋಟೀನಿನ ಪ್ರಮಾಣ ತೀರ ಕಡಿಮೆಯೇನಲ್ಲ. ಮಗುವಿಗೆ ಆ ಅನ್ನವೇ ಹೊಟ್ಟೆತುಂಬ ಸಿಗುತ್ತಿರಲಿಲ್ಲ. 1974ರಲ್ಲಿ ಡೊನಾಲ್ಡ್ ಮ್ಯಾಕ್ಲಾರೆನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರೋಟೀನ್ ಯುಗವನ್ನು ಮಹಾ ವೈಫಲ್ಯವೆಂದೇ ಕರೆದರು. ಮರುವರ್ಷ ಅಕ್ಟೋಬರ್ 2ರಂದು ನಮ್ಮ ದೇಶದ 33 ಬ್ಲಾಕುಗಳಲ್ಲಿ ಎಳೆಮಕ್ಕಳಿಗೆ ಊಟ ಕೊಡುವ ಅಂಗನವಾಡಿ ಯೋಜನೆ ಆರಂಭವಾಯಿತು; ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ.

ಹಾಗಾದರೆ ಮಗು ಯಾಕೆ ಹೊಟ್ಟೆತುಂಬ ಉಣ್ಣುವುದಿಲ್ಲ? ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಅತಿ ಸೊಗಸಾದ ಉತ್ತರ ಇರುವುದು ರಾಗಿ ಸರಿಯಲ್ಲಿ. ಹಸಿ ರಾಗಿಹಿಟ್ಟು ಕುದಿಸಿದರೆ ಅದರ ಪಿಷ್ಟ ನೀರು ಕುಡಿದು ಉಬ್ಬುತ್ತದೆ, ಅಂಬಲಿ ಗಟ್ಟಿಯಾಗುತ್ತದೆ. ಮಗು ನುಂಗಲೆಂದು ತಾಯಿ ನೀರು ಬೆರೆಸುತ್ತಾಳೆ. ಆಗ ಚಮಚವೊಂದರಲ್ಲಿ ಉಳಿಯುವ ಕ್ಯಾಲೊರಿ ಅತ್ಯಲ್ಪ. ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬಿಬಿಡುತ್ತದೆ. ಎದೆಹಾಲು ಕುಡಿಯುವ ಆರರಿಂದ ಎಂಟು ತಿಂಗಳ ಮಗುವಿಗೂ ಮೇಲೂಟದಿಂದ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಸಿಗಬೇಕು, ವರ್ಷ ದಾಟಿದರೆ 550. ನೀರಂಬಲಿಯಿಂದ ಅದು ಆಗದ ಮಾತು. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿದರೆ ಕಾಳಿನಲ್ಲಿ ಅಮೈಲೇಸ್ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ. ಸಿಎಫ್‌ಟಿಆರ್‌ಐನ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನ ಮೇಲೂಟದ ವಿವರ ಪ್ರಕಟಿಸಿದರು. ಬರೋಡಾದ ತಾರಾ ಗೋಪಾಲದಾಸ್ ಅವರ ತಂಡವೂ ಇದೇ ಹಾದಿಯಲ್ಲಿ ನಡೆಯಿತು. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿ ಸರಿಹಿಟ್ಟು ಮಾಡುತ್ತಿದ್ದ ನಮ್ಮ ಅಜ್ಜಿಯರ ಜಾಣ್ಮೆ ಹೀಗೆ ಪ್ರಯೋಗಾಲಯದಲ್ಲಿ ರುಜುವಾತಾಯಿತು.

ಒಂದು ಮಾತನ್ನು ಮಾತ್ರ ಬಿಡುವಂತಿಲ್ಲ. ಆ ಹಿಟ್ಟು ಮಾಡಲು ದಿನಗಳು ಬೇಕು, ತಿನ್ನಿಸಲು ದಿನಕ್ಕೆ ಮೂರು ನಾಲ್ಕು ಸಲ ಬಿಡುವು ಬೇಕು. ನಾಟಿಗೆ, ಕಳೆಗೆ, ಗಾರೆ ಕೆಲಸಕ್ಕೆ ಹೋಗುವ ತಾಯಿಗೆ ಆ ಬಿಡುವನ್ನು ಕೊಡುವವರು ಯಾರು? 1996ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಗಾರರು ಆಫ್ರಿಕಾಕ್ಕಿಂತ ದಕ್ಷಿಣ ಏಷ್ಯಾದ ಮಕ್ಕಳೇ ಏಕೆ ಹೆಚ್ಚು ಸೊರಗಿದ್ದಾರೆ ಎಂದು ಕೇಳಿ, ಬೆರಳನ್ನು ಹೆಂಗಸರ ಸ್ಥಿತಿಯತ್ತ ತೋರಿದರು. ತೂಕ ಕಡಿಮೆಯಿರುವ ಕೂಸು ಹೆಚ್ಚಾಗಿ ಹುಟ್ಟುವುದು ಸೊರಗಿದ ಬಸುರಿಯ ಹೊಟ್ಟೆಯಲ್ಲಿ.

ನಮ್ಮ ಮಕ್ಕಳು ಹುಟ್ಟಾ ಗಿಡ್ಡರು ಎಂಬ ಸಮಾಧಾನವೂ ಉಳಿಯಲಿಲ್ಲ. ದಕ್ಷಿಣ ದೆಹಲಿ, ಓಸ್ಲೊ, ಮಸ್ಕತ್, ಅಕ್ರಾ, ಪೆಲೋಟಸ್, ಡೇವಿಸ್‌ಗಳಲ್ಲಿ ಎದೆಹಾಲು ಕುಡಿದು ಅನುಕೂಲಸ್ಥ ಮನೆಗಳಲ್ಲಿ ಬೆಳೆದ ಸುಮಾರು 8,400 ಮಕ್ಕಳನ್ನು ವಿಶ್ವ ಆರೋಗ್ಯ ಸಂಸ್ಥೆ ಅಳೆಯಿತು. ಎಲ್ಲೆಡೆಯೂ ಎತ್ತರ ಹೆಚ್ಚುಕಡಿಮೆ ಒಂದೇ ಸಮ ಏರಿತು. 2006ರಲ್ಲಿ ಬಂದ ಬೆಳವಣಿಗೆಯ ಮಾನದಂಡ ಇದರ ಫಲ. ಭಾರತದ ಮಕ್ಕಳಿಗೆ ಬೇರೆ ಅಳತೆ ಬೇಕೆಂಬ ವಾದ ಈಗ ಮತ್ತೆ ಕೇಳುತ್ತಿದೆ. ಮಾನದಂಡ ಇಳಿಸಿದರೆ ಅಂಕಿ ಇಳಿಯುತ್ತದೆ, ಮಗು ಬೆಳೆಯುವುದಿಲ್ಲ.

ಈಚಿನ ಪ್ರಯೋಗಗಳು ಒಂದೇ ಮದ್ದಿನ ಆಸೆ ಬಿಡಿಸಿವೆ. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಶೌಚಾಲಯ, ಕೈತೊಳೆಯುವ ವ್ಯವಸ್ಥೆಗಳಿಂದ ಮಕ್ಕಳ ಎತ್ತರ ಹೆಚ್ಚಲಿಲ್ಲ. ಮೇಲೂಟದ ನೆರವಿನಿಂದ ಹೆಚ್ಚಿದ್ದೂ ಅಲ್ಪ. ಅಂದಿನ ಆಂಧ್ರಪ್ರದೇಶದ ಹಳ್ಳಿಗಳಲ್ಲಿ, ಮಗುವಿನ ಹಸಿವಿನ ಸೂಚನೆ ಅರಿತು ಮಾತಾಡಿಸುತ್ತ ಉಣಿಸುವುದನ್ನು ತಾಯಂದಿರಿಗೆ ಕಲಿಸಿದಾಗ ಊಟವೂ ಬುದ್ಧಿಯ ಬೆಳವಣಿಗೆಯೂ ಸುಧಾರಿಸಿದ್ದನ್ನು 2013ರ ವರದಿ ತೋರಿಸಿತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳೊಳಗೆ ಬರೀ ಎದೆಹಾಲು ಕುಡಿಯುವ ಮಕ್ಕಳ ಪಾಲು ದೇಶದಲ್ಲಿ ಶೇ. 63.7ಕ್ಕೆ ಏರಿದೆ. ಆದರೆ ಆರರಿಂದ 23 ತಿಂಗಳವರಲ್ಲಿ ಸಾಕಷ್ಟು ಊಟ ಸಿಗುವುದು ಶೇ. 11.3 ಮಕ್ಕಳಿಗೆ ಮಾತ್ರ. ಕರ್ನಾಟಕದಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ಹಿಂದಿನ ಸಮೀಕ್ಷೆಯ ಶೇ. 36.2ರಿಂದ 35.4ಕ್ಕೆ ಇಳಿದಿದ್ದಾರೆ, ಅಂದರೆ ಇಳಿಕೆ ಒಂದು ಅಂಶವೂ ಅಲ್ಲ. 2017ರ 26 ವಾರಗಳ ಹೆರಿಗೆ ರಜೆ ಕೂಲಿಯ ತಾಯಿಗೆ ತಲುಪುವುದಿಲ್ಲ. ಅವಳ ಪಾಲಿಗೆ ಬಂದಿರುವುದು ರಾಜ್ಯದ ಗ್ರಾಮ ಪಂಚಾಯತಿಗಳ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆ. ಸಂಶೋಧಕರು ತಕ್ಕಡಿ, ಅಳತೆಪಟ್ಟಿ ಹಿಡಿದು ಮುಂದೆ ಹೋಗಬೇಕಾದ್ದು ಅಲ್ಲಿಗೆ.