ತಿದಿಯ ವಾದ್ಯವೂ ಜಾರು ತಂತಿಯೂ

ಹಾರ್ಮೋನಿಯಂ ನಮ್ಮ ರೇಡಿಯೋದಲ್ಲಿ ಬಹಿಷ್ಕಾರಕ್ಕೆ ಗುರಿಯಾಗಿದ್ದ ಕಥೆ ಹಿರಿಯ ಶ್ರೋತೃಗಳಿಗೆ ತಿಳಿದದ್ದೇ. ೧೯೪೦ರಲ್ಲಿ ಅಖಿಲ ಭಾರತ ರೇಡಿಯೋ ಅದನ್ನು ತನ್ನ ನಿಲಯಗಳಿಂದ ಹೊರಗಿಟ್ಟಿತು. ೧೯೭೧ರವರೆಗೆ ಆ ಕಟ್ಟು ಸಡಿಲಲಿಲ್ಲ. ಅದರ ಮೇಲಿನ ಆರೋಪವೇನು? ಅದರ ಸ್ವರಗಳು ಬೇಲಿ ಹಾಕಿಕೊಂಡ ಮನೆಗಳಂತೆ ಬೇರೆ ಬೇರೆಯಾಗಿ ನಿಂತಿವೆ. ಒಂದರಿಂದ ಮತ್ತೊಂದಕ್ಕೆ ಜಾರುವುದು ಅದಕ್ಕೆ ಸಾಧ್ಯವಿಲ್ಲ. ಗಮಕವಿಲ್ಲದ ಮೇಲೆ ನಮ್ಮ ಸಂಗೀತವೆಲ್ಲಿ ಬಂತು? ಈ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ನಿಂತ ಸ್ವರದ ವಾದ್ಯವೂ ಜಾರುವ ಸ್ವರದ ವಾದ್ಯವೂ ಒಂದೇ ಮೇಳದಲ್ಲಿ ಬಾಳಲಾರವೆ? ಈ ಪ್ರಶ್ನೆಗೆ ದೂರದ ಅಮೆರಿಕದ ಹಳ್ಳಿಗಾಡಿನ ಮೇಳಗಳು ತಮ್ಮದೇ ಆದ ಒಂದು ಉತ್ತರ ಕೊಟ್ಟಿವೆ. ಅದು ತಿಳಿಯತಕ್ಕ ಉತ್ತರ.

ಹಾರ್ಮೋನಿಯಮ್ಮಿನ ದಾಯಾದಿ ಅಕಾರ್ಡಿಯನ್. ವಿಯೆನ್ನಾ ನಗರದ ಸಿರಿಲ್ ಡೆಮಿಯನ್ ಎಂಬಾತ ೧೮೨೯ರಲ್ಲಿ ಆ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದ. ಎದೆಗೆ ತಗುಲಿಸಿಕೊಂಡ ತಿದಿಯನ್ನು ಹಿಗ್ಗಿಸಿ ಕುಗ್ಗಿಸಿದರೆ ಗಾಳಿಯು ಒಳಗಿರುವ ಲೋಹದ ನಾಲಗೆಗಳನ್ನು ಮಿಡಿಯುತ್ತದೆ. ನಾಲಗೆಯ ಶ್ರುತಿ ವಾದ್ಯ ಮಾಡಿದವನು ಕಟ್ಟಿಕೊಟ್ಟದ್ದು. ವಾದಕನು ವೇದಿಕೆಯ ಮೇಲೆ ಕುಳಿತು ಅದನ್ನು ಬದಲಿಸಲಾರ.

ಸ್ಟೀಲ್ ಗಿಟಾರಿನ ಸ್ವಭಾವ ಇದಕ್ಕೆ ತೀರ ವಿರುದ್ಧ. ಹವಾಯಿ ದ್ವೀಪದ ಜೋಸೆಫ್ ಕೆಕುಕು ೧೯ನೆಯ ಶತಮಾನದ ಕೊನೆಯಲ್ಲಿ, ಇನ್ನೂ ಶಾಲಾ ಬಾಲಕನಾಗಿದ್ದಾಗಲೇ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಕ್ರಮವನ್ನು ರೂಢಿಗೆ ತಂದನೆಂದು ಹೇಳುತ್ತಾರೆ. ನಮ್ಮ ಗೋಟುವಾದ್ಯವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ೧೯೧೫ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಮಹಾಪ್ರದರ್ಶನದಿಂದ ಈ ನಾದ ಅಮೆರಿಕದ ಮನೆಮನೆಗೂ ಹಬ್ಬಿತು. ೧೯೩೦ರ ದಶಕದಲ್ಲಿ ಅದಕ್ಕೆ ವಿದ್ಯುಚ್ಛಕ್ತಿ ಕೂಡಿತು. ಆಮೇಲೆ ಬಂದುವು ಪೆಡಲುಗಳು. ಮೇಜಿನಂತೆ ಕಾಲುಗಳ ಮೇಲೆ ನಿಂತ ಈ ವಾದ್ಯದಲ್ಲಿ ಪೆಡಲನ್ನು ತುಳಿದರೆ ಗೊತ್ತಾದ ಒಂದೆರಡು ತಂತಿಗಳು ಮಾತ್ರ ಬಿಗಿಯುತ್ತವೆ. ಜೊತೆಗೂಡಿ ಮೊಳಗುತ್ತಿರುವ ಸ್ವರಗಳಲ್ಲಿ ಒಂದು ಮೇಲಕ್ಕೆ ಜಾರುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ೧೯೫೪ರಲ್ಲಿ ವೆಬ್ ಪಿಯರ್ಸ್ ಎಂಬ ಗಾಯಕನ ಜನಪ್ರಿಯ ಹಾಡೊಂದರಲ್ಲಿ ಬಡ್ ಐಸಾಕ್ಸ್ ಇದನ್ನು ನುಡಿಸಿದ್ದೇ ತಡ, ಅನೇಕ ಸ್ಟೀಲ್ ವಾದಕರು ಪೆಡಲಿನ ಬೆನ್ನು ಹತ್ತಿದರು.

ಇವೆರಡೂ ಒಂದೇ ವೇದಿಕೆ ಏರುವುದಕ್ಕೆ ರೇಡಿಯೋ ಸಹಾಯ ಮಾಡಿತು. ನ್ಯಾಶ್‌ವಿಲ್ ನಗರದ ಗ್ರ್ಯಾಂಡ್ ಓಲ್ ಆಪ್ರಿ ಕಾರ್ಯಕ್ರಮಕ್ಕೆ ೧೯೩೭ರಲ್ಲಿ ಪೀ ವೀ ಕಿಂಗ್ ಎಂಬ ಅಕಾರ್ಡಿಯನ್ ವಾದಕ ಬಂದ. ಪೋಲಿಷ್ ಮನೆತನದವನು, ತಂದೆ ಪೋಲ್ಕಾ ಕುಣಿತಕ್ಕೆ ನುಡಿಸುತ್ತಿದ್ದವರು. ಪ್ರಸಿದ್ಧವಾದ ‘ಟೆನೆಸೀ ವಾಲ್ಟ್ಸ್’ ಹಾಡನ್ನು ರೆಡ್ ಸ್ಟೂವರ್ಟನೊಡನೆ ರಚಿಸಿದವನು ಇವನೇ. ಇವನ ಮೇಳದಲ್ಲಿ ಅಕಾರ್ಡಿಯನ್ನಿನ ಪಕ್ಕದಲ್ಲಿ ವಿದ್ಯುತ್ ಸ್ಟೀಲ್ ಗಿಟಾರೂ ಇತ್ತು.

ಆದರೆ ಈ ಜೋಡಿ ಒಂದು ಜನದ ಬಾಳಿನೊಡನೆ ಹೆಣೆದುಕೊಂಡದ್ದು ದಕ್ಷಿಣದ ಲೂಸಿಯಾನಾದಲ್ಲಿ. ೧೭೫೫ರಲ್ಲಿ ಇಂಗ್ಲಿಷರು ಇಂದಿನ ಕೆನಡಾದ ಪೂರ್ವತೀರದಲ್ಲಿದ್ದ ಅಕೇಡಿಯಾದಿಂದ ಫ್ರೆಂಚ್ ನುಡಿಯುವ ರೈತರನ್ನು ಹೊರದೂಡಲು ತೊಡಗಿದರು. ಅವರಲ್ಲಿ ಅನೇಕರು ಅಲೆದಲೆದು ಕೊನೆಗೆ ಇಲ್ಲಿ ನೆಲೆಸಿದರು. ‘ಅಕೇಡಿಯನ್’ ಎಂಬುದರ ತದ್ಭವವೇ ‘ಕೇಜನ್’. ಇವರ ಶನಿವಾರದ ಕುಣಿತದ ಮನೆಗೆ ‘ಫೇ ಡೋ ಡೋ’ ಎಂದು ಹೆಸರು. ‘ಮಲಗು ಕಂದ’ ಎಂದು ಅರ್ಥ. ತಾಯಂದಿರು ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿ ಕುಣಿಯಲು ಬರುತ್ತಿದ್ದರಂತೆ! ಹತ್ತು ಗುಂಡಿಗಳ ಪುಟ್ಟ ಅಕಾರ್ಡಿಯನ್ ಅಲ್ಲಿಯ ರಾಜ. ಗದ್ದಲದ ನಡುವೆ ಕೇಳಿಸುವಷ್ಟು ಕಂಠ ಅದಕ್ಕಿತ್ತು. ೧೯೨೮ರಲ್ಲಿ ಜೋ ಫಾಲ್ಕನ್ ಅದನ್ನು ನುಡಿಸಿ ಹಾಡಿದ ‘ಲಾಫಾಯೆಟ್’ ಕೇಜನ್ ಸಂಗೀತದ ಮೊದಲ ಧ್ವನಿಮುದ್ರಿಕೆ.

ಅಷ್ಟರಲ್ಲೇ ಕಾಲ ಹೊರಳಿತ್ತು. ೧೯೨೧ರ ರಾಜ್ಯಸಂವಿಧಾನ ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕೆಂದು ವಿಧಿಸಿತ್ತು. ಆಟದ ಬಯಲಿನಲ್ಲಿ ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆ. ಇನ್ನು ಮೇಲೆ ಆಡುವುದಿಲ್ಲವೆಂದು ಮತ್ತೆ ಮತ್ತೆ ಬರೆಸುತ್ತಿದ್ದರು. ತರಗತಿಯಲ್ಲಿ ಹಲಗೆಯ ಮುಂದೆ ನಿಂತು ಬಾಳು ಕಳೆದ ನನಗೆ ಇದನ್ನು ಓದಿದಾಗ ನಾಚಿಕೆಯಾಯಿತು. ತಾಯ ನುಡಿಯೇ ಹೀನವೆಂದಾದ ಮೇಲೆ ತಾತನ ವಾದ್ಯಕ್ಕೆ ಮರ್ಯಾದೆಯೆಲ್ಲಿ? ಎಣ್ಣೆಬಾವಿಗಳೊಡನೆ ಹೊರಗಿನವರು ಬಂದರು, ರಸ್ತೆ ಬಂತು, ರೇಡಿಯೋ ಬಂತು. ೧೯೩೦ರ ದಶಕದ ಮಧ್ಯಭಾಗದ ಹೊತ್ತಿಗೆ ಮೇಳಗಳು ಅಕಾರ್ಡಿಯನ್ನನ್ನು ಮೂಲೆಗಿಟ್ಟು, ಟೆಕ್ಸಾಸಿನ ಮಾದರಿಯಲ್ಲಿ ಪಿಟೀಲು ಮತ್ತು ಸ್ಟೀಲ್ ಗಿಟಾರುಗಳನ್ನು ಮುಂದಿಟ್ಟುಕೊಂಡವು. ಸ್ಟೀಲ್ ಗಿಟಾರ್ ಹೊಸ ಕಾಲದ ಗುರುತಾಯಿತು; ಅಕಾರ್ಡಿಯನ್ ಹಳ್ಳಿಗುಗ್ಗುವಿನ ಗುರುತಾಯಿತು.

೧೯೪೮ರಲ್ಲಿ ಗಾಳಿ ತಿರುಗಿತು. ಐರಿ ಲೆಜೂನ್ ಎಂಬ ತರುಣ, ಕಣ್ಣು ಬಹಳ ಮಂದ, ಹ್ಯೂಸ್ಟನ್ನಿನಲ್ಲಿ ಅಕಾರ್ಡಿಯನ್ ನುಡಿಸಿ ಫ್ರೆಂಚಿನಲ್ಲೇ ಹಾಡಿ ಒಂದು ಮುದ್ರಿಕೆ ಮಾಡಿದ. ಕರಿಯ ಜನಾಂಗದ ಮಹಾವಾದಕ ಅಮಡೆ ಆರ್ಡ್ವಾನನ ಹಳೆಯ ತಟ್ಟೆಗಳಿಂದ ಅವನು ಬಹಳ ಕಲಿತಿದ್ದ. ಯುದ್ಧದಿಂದ ಮನೆಗೆ ಮರಳಿದ ಸೈನಿಕರಿಗೆ ಬೇಕಾಗಿದ್ದ ದನಿ ಅದೇ. ೧೯೫೫ರಲ್ಲಿ, ಕುಣಿತದ ಕಾರ್ಯಕ್ರಮ ಮುಗಿಸಿ ಬರುವಾಗ, ದಾರಿಯಲ್ಲಿ ಕೆಟ್ಟು ನಿಂತ ಕಾರಿನ ಬಳಿ ಮತ್ತೊಂದು ವಾಹನ ಬಡಿದು ಅವನು ತೀರಿಕೊಂಡ, ಮೂವತ್ತೂ ತುಂಬಿರಲಿಲ್ಲ. ಆದರೆ ಅಷ್ಟರೊಳಗೆ ಅಕಾರ್ಡಿಯನ್ ತನ್ನ ಪೀಠಕ್ಕೆ ಮರಳಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯದು ಮರಳಿತೆಂದು ಹೊಸದನ್ನು ಯಾರೂ ಹೊರದೂಡಲಿಲ್ಲ. ೧೯೪೯ರಲ್ಲಿ ನೇಥನ್ ಆಬ್‌ಶೈರನ ಮೇಳ ‘ಪೈನ್ ಗ್ರೋವ್ ಬ್ಲೂಸ್’ ನುಡಿಸಿದಾಗ ಅವನ ಅಕಾರ್ಡಿಯನ್ನಿನೊಡನೆ ಸ್ಟೀಲ್ ಗಿಟಾರೂ ಇತ್ತು. ಆಮೇಲೆ ಕುಣಿತದ ಮನೆಗಳಲ್ಲಿ ಅದೇ ಪದ್ಧತಿಯಾಯಿತು. ಕೆಲವರು ಪೆಡಲಿಲ್ಲದ ಹಳೆಯ ಸ್ಟೀಲನ್ನೇ ಉಳಿಸಿಕೊಂಡರು, ಕೆಲವರು ಪೆಡಲಿನದನ್ನು ಹಿಡಿದರು.

ಒಗ್ಗುವುದು ಸುಲಭವೇನಲ್ಲ. ಅಕಾರ್ಡಿಯನ್ ಶ್ರುತಿ ಬದಲಿಸಲಾರದಾದ್ದರಿಂದ ಉಳಿದವರು ಅದಕ್ಕೆ ಹೊಂದಬೇಕು. ಪಿಟೀಲಿನವನು ಎಷ್ಟೋ ಸಲ ತನ್ನ ತಂತಿಗಳನ್ನೇ ಒಂದು ಸ್ವರ ಇಳಿಸಿಕೊಳ್ಳುತ್ತಾನೆ. ಸ್ಟೀಲಿನವನು ಕೋಲನ್ನು ಕೂದಲೆಳೆಯಷ್ಟು ಸರಿಸಿ ಶ್ರುತಿ ಸೇರಿಸುತ್ತಾನೆ. ಎರಡೂ ಉದ್ದವಾಗಿ ಉಸಿರು ಹಿಡಿಯುವ ವಾದ್ಯಗಳು: ಒಂದಕ್ಕೆ ತಿದಿಯಿದೆ, ಮತ್ತೊಂದಕ್ಕೆ ಧ್ವನಿಯನ್ನು ಏರಿಸಿ ಇಳಿಸುವ ಕಾಲ್ಮಣೆಯಿದೆ. ಎರಡೂ ಒಟ್ಟಿಗೆ ಬಾಯಿ ತೆರೆದರೆ ಹಾಡು ಮುಳುಗಿಹೋಗುತ್ತದೆ. ಆದುದರಿಂದ ಅಲ್ಲಿ ಸರದಿಯ ಮರ್ಯಾದೆ. ಅಕಾರ್ಡಿಯನ್ ಪಲ್ಲವಿಯನ್ನು ಎತ್ತಿಕೊಂಡಾಗ ಸ್ಟೀಲ್ ಹಿಂದೆ ಸರಿದು ಮೆಲ್ಲನೆ ಎಳೆ ಎಳೆಯುತ್ತದೆ. ಸ್ಟೀಲಿನ ಸರದಿ ಬಂದಾಗ ತಿದಿ ತಗ್ಗುತ್ತದೆ.

ವ್ಯಾಕರಣದ ಪಾಠದಲ್ಲಿ ಮಕ್ಕಳಿಗೆ ಹೇಳುತ್ತೇವೆ: ಎರಡು ಸ್ವರಗಳು ಎದುರುಬದುರಾದಾಗ ಒಂದು ಲೋಪವಾಗುವುದುಂಟು, ನಡುವೆ ಮತ್ತೊಂದು ಅಕ್ಷರ ಬರುವುದುಂಟು, ಆದರೆ ಎರಡೂ ಇದ್ದ ಹಾಗೆಯೇ ನಿಲ್ಲುವುದೂ ಉಂಟು, ಅದು ಪ್ರಕೃತಿಭಾವ. ಲೂಸಿಯಾನಾದ ಮೇಳ ಕಂಡುಕೊಂಡದ್ದು ಇದನ್ನೇ. ೧೯೬೮ರಲ್ಲಿ ಆ ರಾಜ್ಯ ಫ್ರೆಂಚ್ ಭಾಷೆಯ ಪೋಷಣೆಗೆ ಮಂಡಲಿಯೊಂದನ್ನು ಸ್ಥಾಪಿಸಿತು. ಕುಣಿತದ ಮನೆಯಲ್ಲಿ ವಾದ್ಯಕ್ಕೆ ಮರ್ಯಾದೆ ಮರಳಿ ಇಪ್ಪತ್ತು ವರ್ಷ ಕಳೆದ ಮೇಲೆ ಸರಕಾರದ ಮನೆಯಲ್ಲಿ ನುಡಿಗೆ ಮರ್ಯಾದೆ ಬಂತು!

ನಮ್ಮ ಬಹಿಷ್ಕಾರದ ಮಾತಿಗೆ ಮರಳೋಣ. ಗಮಕವೇ ಉಸಿರಾದ ನಮ್ಮ ಕಚೇರಿಯಲ್ಲಿ ಗಾಯಕನ ಬೆನ್ನಿಗೆ ಎಷ್ಟೋ ಕಾಲ ಕುಳಿತಿದ್ದ ಶ್ರುತಿಪೆಟ್ಟಿಗೆಯೂ ತಿದಿ ಮತ್ತು ಲೋಹದ ನಾಲಗೆಗಳ ವಾದ್ಯವೇ ಅಲ್ಲವೆ? ಅದು ಕದಲದೆ ನಿಂತಿತ್ತು. ಅದರ ಮೇಲೆ ಕಂಠ ಜಾರಿತು, ತೂಗಿತು, ನಲಿಯಿತು. ನಿಂತದ್ದು ಜಾರುವುದಕ್ಕೆ ಶತ್ರುವಲ್ಲವೆಂಬುದು ನಮ್ಮ ಕಿವಿಗೆ ಮೊದಲೇ ಗೊತ್ತಿತ್ತು. ನಮ್ಮ ಕಟ್ಟಳೆಗೆ ಅದು ತಿಳಿಯಲು ಮೂವತ್ತೊಂದು ವರ್ಷ ಹಿಡಿಯಿತು.